ಮೀನಿಗೊಂದು ಆಸರೆ ಹುಡುಕುವ ಮುನ್ನ

ಕಡಲ ನೀರಿನ ಚಿಕ್ಕ ಅಕ್ವೇರಿಯಂ ಕಟ್ಟುವವರಲ್ಲಿ ಬಹಳ ಮಂದಿ ಮೊದಲು ತರುವುದು ಒಂದು ಜೋಡಿ ಕ್ಲೌನ್ ಮೀನು. ಗಟ್ಟಿ ಜೀವ, ಕೊಟ್ಟದ್ದನ್ನು ತಿನ್ನುತ್ತದೆ, ಮನುಷ್ಯರ ಮುಖ ಗುರುತು ಹಿಡಿದಂತೆ ಗಾಜಿನ ಹತ್ತಿರ ಬರುತ್ತದೆ. ಮೀನು ಒಗ್ಗಿಕೊಂಡ ಮೇಲೆ ಎರಡನೆಯ ಆಸೆ ಹುಟ್ಟುತ್ತದೆ: ಇದಕ್ಕೊಂದು ಅನಿಮೋನ್, ಅಂದರೆ ಹೂವಿನಂತೆ ಕಾಣುವ, ಕುಟುಕುವ ಕಡಲ ಪ್ರಾಣಿ, ಬೇಕು. "ನನ್ನ ಮೀನಿಗೆ ಯಾವ ಅನಿಮೋನ್ ಇಷ್ಟವಾಗಬಹುದು?" ಎಂದು ಗೆಳೆಯರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಪ್ರೀತಿಯಿಂದ ಹುಟ್ಟಿದ ಪ್ರಶ್ನೆ ಅದು. ಆದರೆ ಅದರಲ್ಲಿ ಅನಿಮೋನ್‌ಗೆ ಏನು ಬೇಕು ಎಂಬ ಮಾತೇ ಇರುವುದಿಲ್ಲ. ನಾನು ಮೊದಲು ಅಲ್ಲಿಂದ ಶುರುಮಾಡುತ್ತೇನೆ. ಏಕೆಂದರೆ ಈ ಇಬ್ಬರಲ್ಲಿ ಚಿಕ್ಕ ತೊಟ್ಟಿಯಲ್ಲಿ ಸಾಯುವ ಸಾಧ್ಯತೆ ಹೆಚ್ಚಿರುವುದು ಅನಿಮೋನ್‌ಗೆ.

ಕಡಲಲ್ಲಿ ಕ್ಲೌನ್ ಮೀನು ಅನಿಮೋನ್ ಇಲ್ಲದೆ ಬದುಕುವುದಿಲ್ಲ. ಅದು ವೇಗವಾಗಿ ಈಜುವ ಮೀನಲ್ಲ. ಬಯಲಿಗೆ ಬಂದರೆ ದೊಡ್ಡ ಮೀನಿನ ಬಾಯಿಗೆ ಹೋಗುವುದು ಖಂಡಿತ. ಕುಟುಕುವ ಗ್ರಹಣಾಂಗಗಳ ನಡುವೆ ಸೇರಿಕೊಂಡರೆ ಹಿಂಬಾಲಿಸಿ ಬರುವ ಧೈರ್ಯ ಬೇರೆಯವರಿಗಿಲ್ಲ. ಮೊಟ್ಟೆಯಿಡುವುದೂ ಅನಿಮೋನ್‌ನ ಬುಡದ ಕಲ್ಲಿನ ಮೇಲೆ. ಮರಿಗಳು ಮೊಟ್ಟೆಯೊಡೆದು ಹೊರಬಂದು ಸುಮಾರು ಹತ್ತು ಹನ್ನೆರಡು ದಿನ ತೆರೆದ ನೀರಿನಲ್ಲಿ ತೇಲುತ್ತವೆ. ಆಮೇಲೆ ವಾಸನೆಯ ಜಾಡು ಹಿಡಿದು ತಮ್ಮ ಜಾತಿಗೆ ಒಪ್ಪುವ ಅನಿಮೋನ್ ಹುಡುಕುತ್ತವೆ. ಸಿಕ್ಕರೆ ಬದುಕು, ಇಲ್ಲದಿದ್ದರೆ ಇಲ್ಲ.

ಅಕ್ವೇರಿಯಂನಲ್ಲಿ ಈ ಒತ್ತಡ ಯಾವುದೂ ಇಲ್ಲ. ಅಟ್ಟಿಸಿಕೊಂಡು ಬರುವ ಮೀನಿಲ್ಲ, ಹೊತ್ತಿಗೆ ಸರಿಯಾಗಿ ಆಹಾರ ಬರುತ್ತದೆ. ಇಂದು ಮಾರಾಟಕ್ಕೆ ಸಿಗುವ ಕ್ಲೌನ್ ಮೀನುಗಳಲ್ಲಿ ಬಹುಪಾಲು ಸಾಕಣೆಯ ತೊಟ್ಟಿಗಳಲ್ಲೇ ಹುಟ್ಟಿದವು. ಅವು ಅನಿಮೋನ್ ಕಂಡಿಲ್ಲ, ಅವುಗಳ ತಂದೆತಾಯಿಯೂ ಕಂಡಿರಲಿಕ್ಕಿಲ್ಲ. ಹಾಗಿದ್ದೂ ಜೋಡಿಯಾಗುತ್ತವೆ, ಹೂಕುಂಡದ ಚೂರಿನ ಮೇಲೋ ಗಾಜಿನ ಮೇಲೋ ಮೊಟ್ಟೆಯಿಡುತ್ತವೆ, ಇಪ್ಪತ್ತು ವರ್ಷ ದಾಟಿ ಬದುಕುತ್ತವೆ. ಅಂದರೆ ಅನಿಮೋನ್ ತರುವುದು ಮೀನಿನ ಅಗತ್ಯಕ್ಕಲ್ಲ, ನೋಡುವ ನಮ್ಮ ಆಸೆಗೆ. ಆ ಆಸೆಯಲ್ಲಿ ತಪ್ಪೇನಿಲ್ಲ. ನನಗೂ ಅದಿದೆ. ಎರಡು ಬೇರೆ ಬೇರೆ ಪ್ರಾಣಿಗಳು ಒಂದನ್ನೊಂದು ನೆಚ್ಚಿಕೊಂಡು ಬಾಳುವುದನ್ನು ಕಣ್ಣಳತೆಯಲ್ಲಿ ನೋಡುವಷ್ಟು ಸಂತೋಷ ಈ ಹವ್ಯಾಸದಲ್ಲಿ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ. ಆದರೆ ಆಸೆ ನಮ್ಮದಾದ್ದರಿಂದ ಹೊಣೆಯೂ ನಮ್ಮದೇ.

ಅನಿಮೋನ್ ಎಂಥ ಪ್ರಾಣಿ ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ಹೂವಿನಂತೆ ಕಂಡರೂ ಅದು ಹವಳ ಮತ್ತು ಜೆಲ್ಲಿ ಮೀನುಗಳ ಬಂಧು. ತಿನ್ನುವುದಕ್ಕೂ ಹೊರಹಾಕುವುದಕ್ಕೂ ಒಂದೇ ಬಾಯಿ. ಮೂಳೆಯಿಲ್ಲ, ಚಿಪ್ಪಿಲ್ಲ. ಮೈಯೊಳಗೆ ತುಂಬಿಕೊಂಡ ನೀರಿನ ಬಿಗಿಯಿಂದಲೇ ಅದು ನಿಲ್ಲುವುದು. ಅದಕ್ಕೇ ಹಳೆಯ ನೀರು ಬದಲಿಸಲು ಆಗಾಗ ಪೂರ್ತಿ ಕುಗ್ಗಿ ಮುದ್ದೆಯಾಗುತ್ತದೆ, ಕೆಲವು ಗಂಟೆಗಳಲ್ಲಿ ಮತ್ತೆ ಅರಳುತ್ತದೆ. ಮೊದಲ ಸಲ ನೋಡಿದವರು ಸತ್ತೇಹೋಯಿತೆಂದು ಗಾಬರಿಯಾಗುತ್ತಾರೆ. ಕುಗ್ಗಿದ್ದು ಮರುದಿನವೂ ಹಾಗೇ ಇದ್ದು, ಬಾಯಿ ಸಡಿಲವಾಗಿ ತೆರೆದು, ಕೊಳೆತ ವಾಸನೆ ಬಂದರೆ ಮಾತ್ರ ಕೈಮೀರಿತೆಂದು ತಿಳಿಯಬೇಕು.

ಕ್ಲೌನ್ ಮೀನುಗಳಿಗೆ ಆಸರೆ ಕೊಡುವ ಅನಿಮೋನ್‌ಗಳ ಅಂಗಾಂಶದೊಳಗೆ ಜೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬೆಳಕಿನಲ್ಲಿ ಅದು ತಯಾರಿಸುವ ಸಕ್ಕರೆಯ ದೊಡ್ಡ ಪಾಲು ಅನಿಮೋನ್‌ಗೆ ಹೋಗುತ್ತದೆ. ಹಾಗಾಗಿ ದೀಪವೇ ಇದರ ಮೊದಲ ಊಟ. ಸೀಗಡಿ ಚೂರು ಆಮೇಲಿನ ಮಾತು. ಮೀನು ಬಂದು ಸೇರಿಕೊಂಡಾಗ ಅದರ ವಿಸರ್ಜನೆಯಲ್ಲಿರುವ ಅಮೋನಿಯಾ ಈ ಪಾಚಿಗೆ ಗೊಬ್ಬರವಾಗುತ್ತದೆ. ರಾತ್ರಿ ಬೆಳಕಿಲ್ಲದಾಗ ಪಾಚಿ ಆಮ್ಲಜನಕ ಕೊಡುವುದು ನಿಲ್ಲುತ್ತದೆ. ಆಗ ಮೀನು ಗ್ರಹಣಾಂಗಗಳ ನಡುವೆ ಮೈ ಅಲ್ಲಾಡಿಸುತ್ತ ಹೊಸ ನೀರು ಹರಿಯುವಂತೆ ಮಾಡುತ್ತದೆ. ಕಡಲಲ್ಲಿ ಅನಿಮೋನ್ ತಿನ್ನಲು ಬರುವ ಚಿಟ್ಟೆ ಮೀನುಗಳನ್ನು ಓಡಿಸುವುದೂ ಇದೇ ಪುಟ್ಟ ಮೀನು. ಬ್ರಿಟನ್ನಿನ ನಿಸರ್ಗವಿಜ್ಞಾನಿ ಕತ್‌ಬರ್ಟ್ ಕಾಲಿಂಗ್‌ವುಡ್ 1868ರಲ್ಲಿ ಚೀನಾ ಸಮುದ್ರದ ದೈತ್ಯ ಅನಿಮೋನ್‌ಗಳ ಬಗ್ಗೆ ಬರೆದಾಗ, ಒಳಗಿದ್ದ ಮೀನುಗಳನ್ನು ಅರೆ ಪರಾವಲಂಬಿಗಳೆಂದು ಕರೆದಿದ್ದ. ಮೀನು ಬರೀ ತೆಗೆದುಕೊಳ್ಳುತ್ತದೆ ಎಂಬ ಆ ಊಹೆ ಈಗ ನಿಲ್ಲುವುದಿಲ್ಲ. ಕೊಡುಕೊಳ್ಳುವುದು ಎರಡೂ ಕಡೆ ಇದೆ.

ಕುಟುಕಿಗೆ ಮೀನು ಹೇಗೆ ಸಿಗುವುದಿಲ್ಲ ಎಂಬುದು ಮೀನಿನ ಮೈಯ ಲೋಳೆಗೆ ಸಂಬಂಧಿಸಿದ್ದು. ಸಿಯಾಲಿಕ್ ಆಮ್ಲ ಎಂಬ ವಸ್ತು ಮೀನುಗಳ ಲೋಳೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದು ಅನಿಮೋನ್‌ನ ಕುಟುಕು ಕೋಶಗಳನ್ನು ಕೆರಳಿಸುವಂಥದ್ದು. ಕ್ಲೌನ್ ಮೀನಿನ ಲೋಳೆಯಲ್ಲಿ ಅದು ತೀರಾ ಕಡಿಮೆ. ಇದರ ಜತೆಗೆ ಹೊಸ ಅನಿಮೋನ್‌ಗೆ ಒಗ್ಗಿಕೊಳ್ಳುವ ಒಂದು ಎಚ್ಚರಿಕೆಯ ನಡವಳಿಕೆಯೂ ಇದೆ. ಮೊದಲು ಬಾಲದ ತುದಿ ತಾಕಿಸಿ ನೋಡುವುದು, ಹಿಂದೆ ಸರಿಯುವುದು, ಮತ್ತೆ ಹೊಟ್ಟೆಯ ಭಾಗ ಸೋಕಿಸುವುದು. ಕೆಲವೊಮ್ಮೆ ನಿಮಿಷಗಳಲ್ಲಿ ಮುಗಿಯುವ, ಕೆಲವೊಮ್ಮೆ ಗಂಟೆಗಟ್ಟಲೆ ನಡೆಯುವ ಈ ಪರಿಚಯವನ್ನು ನೋಡುತ್ತ ಕೂತರೆ ಬೇರೆ ಕೆಲಸ ನೆನಪಾಗುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿದ್ದು ಅನಿಮೋನ್‌ನ ಆಯಸ್ಸು. ಸ್ಕಾಟ್ಲೆಂಡಿನ ಸರ್ ಜಾನ್ ಡಾಲಿಯೆಲ್ 1828ರಲ್ಲಿ ಕಡಲ ದಂಡೆಯಿಂದ ಒಂದು ಸಾಮಾನ್ಯ ಕೆಂಪು ಅನಿಮೋನ್ ತಂದು ಗಾಜಿನ ಪಾತ್ರೆಯಲ್ಲಿಟ್ಟ. ಅವನ ಕಾಲಾನಂತರವೂ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ 1887ರವರೆಗೆ ಬದುಕಿತ್ತು. ಅಜ್ಜಿ ಎಂದೇ ಅದನ್ನು ಕರೆಯುತ್ತಿದ್ದರು. ಅದು ಕ್ಲೌನ್ ಮೀನಿಗೆ ಆಸರೆ ಕೊಡುವ ಜಾತಿಯಲ್ಲ, ತಣ್ಣನೆ ಕಡಲಿನ ಜೀವಿ, ನಿಜ. ಆದರೂ ವಿದ್ಯುತ್ತಿಲ್ಲದ, ಪಂಪಿಲ್ಲದ ಕಾಲದಲ್ಲಿ, ನೀರು ಬದಲಿಸುತ್ತ ಬಂದ ಕೆಲವು ಜನರ ಶ್ರದ್ಧೆಯಿಂದ ಒಂದು ಅನಿಮೋನ್ ಅರವತ್ತು ವರ್ಷದ ಹತ್ತಿರ ಬದುಕಿತು. ಇಂದು ಚಿಕ್ಕ ತೊಟ್ಟಿಗೆ ಬಂದ ಅನಿಮೋನ್‌ಗಳು ಕೆಲವೇ ತಿಂಗಳಲ್ಲಿ ಸಾಯುವುದನ್ನು ನೋಡಿದಾಗ ನನಗೆ ಆ ಅಜ್ಜಿ ನೆನಪಾಗುತ್ತದೆ. ಅವು ಮುದಿಯಾಗಿ ಸಾಯುತ್ತಿಲ್ಲ. ನಾವು ಕೊಟ್ಟ ನೀರು, ಬೆಳಕು ಅಥವಾ ಜಾಗ ಸಾಲದೆ ಸಾಯುತ್ತಿವೆ.

ಈಗ ಆಯ್ಕೆಯ ಮಾತಿಗೆ ಬರೋಣ. ಲೋಕದಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಕಡಲ ಅನಿಮೋನ್‌ಗಳಿವೆ. ಕ್ಲೌನ್ ಮೀನುಗಳ ಆಸರೆ ಎಂದು ಸಾಂಪ್ರದಾಯಿಕವಾಗಿ ಎಣಿಸುವುದು ಕೇವಲ 10 ಜಾತಿಗಳನ್ನು. ಎಲ್ಲವೂ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ಗೆ ಸೇರಿದವು, ಕೆಂಪು ಸಮುದ್ರವೂ ಅದರೊಳಗೇ ಬಂತು. ಅಟ್ಲಾಂಟಿಕ್‌ನಲ್ಲಿ ಕ್ಲೌನ್ ಮೀನೇ ಇಲ್ಲ. ಈ ಹತ್ತರಲ್ಲಿ ಚಿಕ್ಕ ತೊಟ್ಟಿಗೆ ಎಷ್ಟು ಉಳಿಯುತ್ತವೆ ನೋಡಿ.

ಕಾರ್ಪೆಟ್ ಅನಿಮೋನ್‌ಗಳು ಮೂರು. ಮರ್ಟೆನ್ಸಿ ಜಾತಿ 1 ಮೀಟರ್ ಅಗಲ ದಾಟುತ್ತದೆ. ಹ್ಯಾಡನ್ಸ್ ಕಾರ್ಪೆಟ್ ಮರಳಿನಲ್ಲಿ ಹರಡಿಕೊಳ್ಳುವಂಥದ್ದು, ಮುಕ್ಕಾಲು ಮೀಟರ್‌ವರೆಗೂ ಬೆಳೆಯಬಲ್ಲದು. ಅದರ ಅಂಟು ಎಷ್ಟು ಬಲವಾದದ್ದೆಂದರೆ ದಾರಿತಪ್ಪಿ ಮೇಲೆ ಬಂದ ಮೀನನ್ನು ಹಿಡಿದು ನುಂಗಿಬಿಡುತ್ತದೆ. ಜೈಗ್ಯಾಂಟಿಯಾ ಕಾರ್ಪೆಟ್ ಅರ್ಧ ಮೀಟರ್. ಆಳವಿಲ್ಲದ, ಬಿಸಿಲು ನೇರ ಬೀಳುವ, ನೀರು ಸದಾ ಓಡುವ ಜಾಗದಲ್ಲಿ ಬೆಳೆಯುವ ಇದು ಸಾಗಣೆಯ ಪೆಟ್ಟು ತಡೆಯುವುದು ಕಷ್ಟ. ಕಾರ್ಪೆಟ್ ಅಲ್ಲದ ಮ್ಯಾಗ್ನಿಫಿಕಾ ಎಂಬ ಜಾತಿ ಬಂಡೆಯ ನೆತ್ತಿಯ ಮೇಲೆ ಕೂತು 1 ಮೀಟರ್‌ವರೆಗೆ ಅರಳುತ್ತದೆ. ನೇರಳೆ, ಕೆಂಪು, ಹಸಿರು ಬಣ್ಣದ ಕಂಬ, ಮೇಲೆ ಹಳದಿ ತುದಿಯ ಗ್ರಹಣಾಂಗಗಳು. ಹತ್ತರಲ್ಲಿ ಅತಿ ಸುಂದರವಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಹಾಗೆಯೇ ಚಿಕ್ಕ ತೊಟ್ಟಿಗೆ ಎಂದೂ ತರಬಾರದ್ದೂ ಇದೇ. ಜಾಗ ಹಿಡಿಸದಿದ್ದರೆ ಹಗಲೂ ರಾತ್ರಿ ಅಲೆಯುತ್ತದೆ, ಹೊಸದಾಗಿ ಬಂದಾಗ ಸೋಂಕಿಗೆ ಬಲುಬೇಗ ತುತ್ತಾಗುತ್ತದೆ.

ಮರಳಿನಲ್ಲಿ ಬೇರೂರುವ ಇನ್ನಷ್ಟು ಜಾತಿಗಳಿವೆ. ಸೇಬೆ ಎಂಬ ಹೆಸರಿನಲ್ಲಿ ಮಾರಾಟವಾಗುವ ಕ್ರಿಸ್ಪಾ, ಉದ್ದ ಗ್ರಹಣಾಂಗದ ಡೋರೀನ್ಸಿಸ್, ಮಣಿ ಪೋಣಿಸಿದಂತೆ ಕಾಣುವ ಅರೋರಾ, ಚಿಕ್ಕ ಗಾತ್ರದ ಮಾಲು. ಇವುಗಳಿಗೆ ಪಾದ ಹುಗಿಯಲು ಆಳವಾದ ಮರಳು ಬೇಕು, ಕೆಳಗೆ ಕಚ್ಚಿಕೊಳ್ಳಲು ಗಟ್ಟಿ ತಳವೂ ಬೇಕು. ಚಿಕ್ಕ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಹಾಕುವ ಎರಡು ಬೆರಳು ಮರಳು ಸಾಲದು. ಮಾಲು 20 ಸೆಂಟಿಮೀಟರ್‌ನೊಳಗೇ ಇರುವುದರಿಂದ ಕಾಗದದ ಮೇಲೆ ಚಿಕ್ಕ ತೊಟ್ಟಿಗೆ ಹೊಂದುವಂತೆ ಕಾಣುತ್ತದೆ, ಆದರೆ ಮಾರಾಟಕ್ಕೆ ಬರುವವುಗಳಲ್ಲಿ ಪಾಚಿ ಕಳೆದುಕೊಂಡು ಬೆಳ್ಳಗಾದವೇ ಹೆಚ್ಚು. ಹತ್ತನೆಯದಾದ ಪಿಜ್ಜಾ ಅನಿಮೋನ್‌ನಲ್ಲಿ ಕ್ಲಾರ್ಕಿ ಜಾತಿಯ ಕ್ಲೌನ್ ಬಿಟ್ಟರೆ ಬೇರೆಯವು ವಾಸಿಸುವುದಿಲ್ಲ.

ಉಳಿಯುವುದು ಗ್ರಹಣಾಂಗದ ತುದಿ ಗುಳ್ಳೆಯಂತೆ ಉಬ್ಬುವ ಬಬಲ್ ಟಿಪ್ ಒಂದೇ. ಇದು ಕೆಂಪು ಸಮುದ್ರದಿಂದ ಸಮೋವಾವರೆಗೆ ಹರಡಿಕೊಂಡಿದೆ. ದಂಡೆಯ ಹತ್ತಿರದ ತೆಳು ನೀರಿನಲ್ಲೂ 40 ಮೀಟರ್ ಆಳದಲ್ಲೂ ಸಿಗುತ್ತದೆ. ಅಂದರೆ ಬೇರೆ ಬೇರೆ ಬೆಳಕಿಗೆ ಒಗ್ಗಿಕೊಳ್ಳುವ ಸ್ವಭಾವ ಅದಕ್ಕಿದೆ. ಮರಳು ಬೇಡ, ಪಾದ ಅಡಗಿಸಲು ಬಂಡೆಯ ಬಿರುಕು ಸಾಕು. ತಾನಾಗಿಯೇ ಎರಡಾಗಿ ಸೀಳಿಕೊಂಡು ಹೆಚ್ಚುತ್ತದೆ, ಆದ್ದರಿಂದ ತಲೆಮಾರುಗಳಿಂದ ತೊಟ್ಟಿಗಳಲ್ಲೇ ಬೆಳೆದ ತುಂಡುಗಳು ಹವ್ಯಾಸಿಗಳ ನಡುವೆ ಓಡಾಡುತ್ತಿವೆ. ಇದೂ ಚಿಕ್ಕದಲ್ಲ, ಚೆನ್ನಾಗಿ ಬೆಳೆದರೆ 30 ಸೆಂಟಿಮೀಟರ್ ಅರಳುತ್ತದೆ. ಆದರೆ ಹತ್ತರಲ್ಲಿ ನಮ್ಮ ಗಾಜಿನೊಳಗೆ ಬಾಳುವ ಸಾಧ್ಯತೆ ಹೆಚ್ಚಿರುವುದು ಇದಕ್ಕೇ.

ಗಂಟು ಕಗ್ಗಂಟಾಗುವುದು ಇಲ್ಲಿಯೇ. ಚಿಕ್ಕ ತೊಟ್ಟಿಗೆ ಹೊಂದುವ ಕ್ಲೌನ್ ಎಂದರೆ ಆಸೆಲ್ಲಾರಿಸ್ ಅಥವಾ ಪರ್ಕ್ಯುಲಾ. ಹೆಣ್ಣು ಬೆಳೆದರೂ 8–9 ಸೆಂಟಿಮೀಟರ್, ಸ್ವಭಾವವೂ ತಕ್ಕಮಟ್ಟಿಗೆ ಸೌಮ್ಯ. ಕಡಲಲ್ಲಿ ಆಸೆಲ್ಲಾರಿಸ್ ಇರುವುದು ಮ್ಯಾಗ್ನಿಫಿಕಾ, ಜೈಗ್ಯಾಂಟಿಯಾ, ಮರ್ಟೆನ್ಸಿಗಳಲ್ಲಿ. ಪರ್ಕ್ಯುಲಾ ಇರುವುದು ಮ್ಯಾಗ್ನಿಫಿಕಾ, ಜೈಗ್ಯಾಂಟಿಯಾ, ಕ್ರಿಸ್ಪಾಗಳಲ್ಲಿ. ಎರಡರ ಪಟ್ಟಿಯಲ್ಲೂ ಬಬಲ್ ಟಿಪ್ ಇಲ್ಲ. ಬಬಲ್ ಟಿಪ್‌ನ ಸಹಜ ಸಂಗಾತಿಗಳಾದ ಮರೂನ್, ಟೊಮೆಟೊ, ಕ್ಲಾರ್ಕಿ ಕ್ಲೌನ್‌ಗಳೋ ದೊಡ್ಡವು, ಜಗಳಗಂಟಿಗಳು. ಮರೂನ್ ಹೆಣ್ಣು 15 ಸೆಂಟಿಮೀಟರ್ ಮೀರಿ ಬೆಳೆದು ಚಿಕ್ಕ ತೊಟ್ಟಿಯ ಉಳಿದವರಿಗೆ ಉಸಿರಾಡಲು ಬಿಡುವುದಿಲ್ಲ. ಹೀಗೆ ಚಿಕ್ಕ ತೊಟ್ಟಿಗೆ ಒಪ್ಪುವ ಮೀನು ಮತ್ತು ಚಿಕ್ಕ ತೊಟ್ಟಿಗೆ ಒಪ್ಪುವ ಅನಿಮೋನ್ ಕಡಲಲ್ಲಿ ಜತೆಯಾದವರೇ ಅಲ್ಲ.

ಬಹಳ ಮಂದಿ ಇಲ್ಲಿ ಮೀನಿನ ಪಟ್ಟಿ ಹಿಡಿದು ಹೊರಡುತ್ತಾರೆ. ಆಸೆಲ್ಲಾರಿಸ್‌ಗೆ ಮ್ಯಾಗ್ನಿಫಿಕಾ ಸಹಜ, ಆದ್ದರಿಂದ ಅದನ್ನೇ ತರೋಣ ಎನ್ನುತ್ತಾರೆ. ನನ್ನ ಲೆಕ್ಕ ಬೇರೆ. ರಾಜಿ ಮಾಡಿಕೊಳ್ಳಬಲ್ಲವರು ರಾಜಿ ಮಾಡಿಕೊಳ್ಳಲಿ. ಮೀನಿಗೆ ಅದು ಸಾಧ್ಯ. ಅನಿಮೋನ್ ಇಲ್ಲದೆಯೂ ಇರಬಲ್ಲ ಮೀನು, ಅಪರಿಚಿತ ಅನಿಮೋನ್ ಜತೆಯೂ ಇರಬಲ್ಲದು, ಬೇಡವೆನಿಸಿದರೆ ದೂರವೂ ಇರಬಲ್ಲದು. ಮ್ಯಾಗ್ನಿಫಿಕಾಗೆ ಬೇಕಾದ ಜಾಗ ಮತ್ತು ಪ್ರವಾಹದಲ್ಲಿ ರಾಜಿಯಿಲ್ಲ. ಆದ್ದರಿಂದ ಅನಿಮೋನ್ ಉಳಿಯುವ ಆಯ್ಕೆ ಮಾಡಿ, ಮೀನು ಒಪ್ಪುತ್ತದೋ ಇಲ್ಲವೋ ಎಂಬುದನ್ನು ಮೀನಿಗೆ ಬಿಟ್ಟುಬಿಡಬೇಕು. ತೊಟ್ಟಿಗಳಲ್ಲಿ ಹುಟ್ಟಿದ ಆಸೆಲ್ಲಾರಿಸ್‌ಗಳಲ್ಲಿ ಬಹಳಷ್ಟು ಬಬಲ್ ಟಿಪ್‌ಗೆ ಹೋಗುತ್ತವೆ. ಕೆಲವು ಅದೇ ದಿನ, ಕೆಲವು ತಿಂಗಳುಗಳ ಮೇಲೆ, ಕೆಲವು ಕೊನೆಗೂ ಹೋಗುವುದಿಲ್ಲ. ನನ್ನ ತೊಟ್ಟಿಯ ಜೋಡಿಯಲ್ಲಿ ಮೊದಲು ಹೋದದ್ದು ಹೆಣ್ಣು. ಗಂಡು ಬಹಳ ಕಾಲ ಪಂಪಿನ ಮೂಲೆಯನ್ನೇ ಕಾದುಕೊಂಡಿತ್ತು. ಮೀನನ್ನು ಬಲೆಯಲ್ಲಿ ಹಿಡಿದು ಅನಿಮೋನ್ ಹತ್ತಿರ ಬಿಡುವುದು, ಕನ್ನಡಿ ಇಡುವುದು, ಗಾಜಿಗೆ ಚಿತ್ರ ಅಂಟಿಸುವುದು ಎಂದು ನಾನಾ ಉಪಾಯ ಹೇಳುವವರಿದ್ದಾರೆ. ಬಲೆಯಂತೂ ಮೀನಿಗೆ ಭಯ, ಅನಿಮೋನ್‌ಗೆ ಕಿರಿಕಿರಿ. ನಾನು ಅದಕ್ಕೆ ಹೋಗುವುದಿಲ್ಲ.

ಜಾತಿ ತೀರ್ಮಾನವಾದ ಮೇಲೆ ಬರುವುದು ಯಾವ ಅನಿಮೋನ್ ಎಂಬ ಪ್ರಶ್ನೆ, ಅದೂ ಅಷ್ಟೇ ದೊಡ್ಡದು. ಬಣ್ಣಕ್ಕೆ ಮರುಳಾಗುವುದು ಸುಲಭ. ಬಬಲ್ ಟಿಪ್‌ನಲ್ಲಿ ಕಂದು, ಹಸಿರು, ಗುಲಾಬಿ, ಕಡುಗೆಂಪು ಎಲ್ಲ ಇವೆ, ಬಣ್ಣ ಅಪರೂಪವಾದಂತೆ ಬೆಲೆ ಏರುತ್ತದೆ. ಮೀನಿಗೆ ಈ ಬಣ್ಣಗಳಿಂದ ಯಾವ ವ್ಯತ್ಯಾಸವೂ ಇಲ್ಲ. ಸಾದಾ ಕಂದು ಹಸಿರಿನ ಅನಿಮೋನ್ ಎಂದರೆ ಮೈತುಂಬ ಪಾಚಿ ಇರುವ, ಹೊಟ್ಟೆತುಂಬಿದ ಅನಿಮೋನ್. ಮೊದಲ ಸಲ ತರುವವರಿಗೆ ನಾನು ಅದನ್ನೇ ಹೇಳುವುದು. ಅಚ್ಚ ಬಿಳಿ ಮೈಗೆ ನೇರಳೆ ತುದಿಯಿದ್ದರೆ ನೋಡಲು ಚೆಂದ, ಆದರೆ ಅದು ಪಾಚಿ ಕಳೆದುಕೊಂಡು ಉಪವಾಸ ಬಿದ್ದ ಪ್ರಾಣಿ. ಕಣ್ಣು ಕುಕ್ಕುವ ಅಚ್ಚ ಹಳದಿ ಮೈಯ ಅನಿಮೋನ್ ಕಂಡರೆ ಬಣ್ಣದಲ್ಲಿ ಅದ್ದಿದ್ದಿರಬಹುದೆಂಬ ಅನುಮಾನ ಇಟ್ಟುಕೊಳ್ಳಿ. ಬಣ್ಣ ಹಾಕಿ ಮಾರುವ ಕ್ರೂರ ಪದ್ಧತಿ ಈ ವ್ಯಾಪಾರದಲ್ಲಿದೆ. ಬಣ್ಣದ ಪದರ ಪಾಚಿಗೆ ಬೇಕಾದ ಬೆಳಕನ್ನೂ ತಡೆಯುತ್ತದೆ.

ಬಾಯಿ ನೋಡಿ. ಬಿಗಿಯಾಗಿ ಮುಚ್ಚಿರಬೇಕು. ಒಳಗಿನ ಅಂಗಾಂಶ ಹೊರಚಾಚಿ ಜೋಲುತ್ತಿದ್ದರೆ ತರಬೇಡಿ. ಪಾದ ನೋಡಿ, ಯಾವುದಾದರೂ ಒಂದನ್ನು ಗಟ್ಟಿಯಾಗಿ ಹಿಡಿದಿರಬೇಕು. ಗಾಜಿನಿಂದಲೋ ಬಂಡೆಯಿಂದಲೋ ಆತುರದಲ್ಲಿ ಎಳೆದು ತೆಗೆದಾಗ ಪಾದ ಹರಿಯುತ್ತದೆ, ಹರಿದ ಪಾದಕ್ಕೆ ಸೋಂಕು ಬೇಗ ತಗಲುತ್ತದೆ. ಸಣ್ಣ ಆಹಾರದ ಚೂರು ತಾಕಿಸಿದಾಗ ಗ್ರಹಣಾಂಗಗಳು ಅಂಟಿ ಹಿಡಿಯಬೇಕು. ತುದಿಯಲ್ಲಿ ಗುಳ್ಳೆ ಇಲ್ಲವಲ್ಲ ಎಂದು ಚಿಂತಿಸುವವರಿದ್ದಾರೆ. ಗುಳ್ಳೆ ಬರುತ್ತದೆ, ಹೋಗುತ್ತದೆ, ಅದು ಆರೋಗ್ಯದ ಅಳತೆಗೋಲಲ್ಲ. ಇವೆಲ್ಲಕ್ಕಿಂತ ಮಿಗಿಲಾದದ್ದು, ಬೇರೊಬ್ಬ ಹವ್ಯಾಸಿಯ ತೊಟ್ಟಿಯಲ್ಲಿ ಸೀಳಿ ಹುಟ್ಟಿದ ಅನಿಮೋನ್. ಅದು ದೀಪಕ್ಕೆ, ಗಾಜಿಗೆ, ತಯಾರಿಸಿದ ಉಪ್ಪುನೀರಿಗೆ ಒಗ್ಗಿಹೋಗಿದೆ, ದೂರದ ಕಡಲಿನಿಂದ ಚೀಲದಲ್ಲಿ ಕುಲುಕಿಕೊಂಡು ಬಂದಿಲ್ಲ. ಸಾಧ್ಯವಾದರೆ ಅದು ಹಿಡಿದಿರುವ ಕಲ್ಲಿನ ಸಮೇತ ತನ್ನಿ.

ಕಡಲಿನಿಂದ ಕಿತ್ತು ತರುವುದು ಕಡಲಿಗೂ ನಷ್ಟ. ಫಿಲಿಪೀನ್ಸ್‌ನ ಸೆಬು ಸುತ್ತಮುತ್ತ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿಯುವ ಜಾಗಗಳಲ್ಲಿ ಅನಿಮೋನ್ ಮತ್ತು ಅವುಗಳ ಮೀನು ಎರಡೂ ಗಣನೀಯವಾಗಿ ವಿರಳವಾಗಿರುವುದನ್ನು ತೋರಿಸಿತು. ಅನಿಮೋನ್ ಹೋದರೆ ಅದರೊಳಗೆ ಸೇರಬೇಕಿದ್ದ ಮುಂದಿನ ಮರಿಗಳಿಗೂ ಮನೆಯಿಲ್ಲ. ಇದರ ಮೇಲೆ ಕಡಲು ಬಿಸಿಯಾಗುತ್ತಿದೆ. ಬಿಸಿ ಹೆಚ್ಚಾದಾಗ ಹವಳಗಳಂತೆ ಅನಿಮೋನ್‌ಗಳೂ ಪಾಚಿ ಹೊರಹಾಕಿ ಬೆಳ್ಳಗಾಗುತ್ತವೆ. ಪೆಸಿಫಿಕ್‌ನ ಮೂರಿಯಾ ದ್ವೀಪದಲ್ಲಿ ಗಮನಿಸಿದಂತೆ, ಬೆಳ್ಳಗಾದ ಅನಿಮೋನ್‌ಗಳಲ್ಲಿದ್ದ ಕ್ಲೌನ್ ಜೋಡಿಗಳು ಮೊಟ್ಟೆಯಿಡುವುದೂ ಇಳಿದುಹೋಗಿತ್ತು. ಇಷ್ಟು ತಿಳಿದ ಮೇಲೆ, ತೊಟ್ಟಿಯಲ್ಲಿ ಹುಟ್ಟಿದ್ದು ಸಿಗುವಾಗ ಕಡಲಿನದನ್ನು ತರಲು ನನಗೆ ಮನಸ್ಸಾಗುವುದಿಲ್ಲ.

ತೊಟ್ಟಿಯ ಮಾತು. ಹೊಸ ತೊಟ್ಟಿಗೆ ಅನಿಮೋನ್ ಬೇಡ. ಹೊಸ ತೊಟ್ಟಿಯ ನೀರಿನಲ್ಲಿ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಬಂದ ಮಾತ್ರಕ್ಕೆ ತೊಟ್ಟಿ ಹಣ್ಣಾಗಿರುವುದಿಲ್ಲ. ಆರು ತಿಂಗಳು ಕನಿಷ್ಠ, ವರ್ಷವಾದರೆ ಉತ್ತಮ ಎಂದು ಅನುಭವಿಗಳು ಹೇಳುವುದರಲ್ಲಿ ಅರ್ಥವಿದೆ. ಆ ಹೊತ್ತಿಗೆ ತೊಟ್ಟಿಯ ಏರುಪೇರುಗಳು ಒಂದು ಹದಕ್ಕೆ ಬಂದಿರುತ್ತವೆ, ಅದಕ್ಕಿಂತ ಮುಖ್ಯವಾಗಿ ನೋಡಿಕೊಳ್ಳುವವರ ಕೈಯೂ ಪಳಗಿರುತ್ತದೆ. ಬಬಲ್ ಟಿಪ್‌ಗೆ ಸುಮಾರು 25–26 ಡಿಗ್ರಿ ಸೆಲ್ಸಿಯಸ್ ಶಾಖ, ಸಾವಿರಕ್ಕೆ 35 ಭಾಗದಷ್ಟು ಉಪ್ಪಿನಂಶ ಚೆನ್ನಾಗಿ ಹೊಂದುತ್ತದೆ. ನೈಟ್ರೇಟ್ ಪೂರ್ತಿ ಸೊನ್ನೆ ಬೇಕಿಲ್ಲ, ಸ್ವಲ್ಪ ಇದ್ದರೇ ಪಾಚಿಗೆ ಒಳ್ಳೆಯದು.

ಈ ಅಂಕಿಗಳಿಗಿಂತ ಅವು ಅಲುಗದಿರುವುದು ದೊಡ್ಡದು. ಅನಿಮೋನ್‌ಗೆ ಮೈಯ ಉಪ್ಪನ್ನು ಹೊರಗಿನ ನೀರಿನಿಂದ ಬೇರೆಯಾಗಿ ಇಟ್ಟುಕೊಳ್ಳುವ ಶಕ್ತಿಯಿಲ್ಲ. ನೀರು ಹೇಗೋ ಅದೂ ಹಾಗೆ. 60 ಲೀಟರ್ ನೀರಿನ ತೊಟ್ಟಿಯಿಂದ 3 ಲೀಟರ್ ಆವಿಯಾಯಿತೆನ್ನಿ. ಉಪ್ಪು ಒಳಗೇ ಉಳಿಯುವುದರಿಂದ 35 ಇದ್ದದ್ದು 36.8ರ ಹತ್ತಿರ ಏರುತ್ತದೆ. ನೆನಪಾದಾಗ 3 ಲೀಟರ್ ಸಿಹಿನೀರು ಒಮ್ಮೆಲೇ ಸುರಿದರೆ ಅಷ್ಟೇ ಜೋರಾಗಿ ಇಳಿಯುತ್ತದೆ. ಇದೇ 3 ಲೀಟರ್ 300 ಲೀಟರ್ ತೊಟ್ಟಿಯಿಂದ ಹೋಗಿದ್ದರೆ ಏರಿಕೆ 0.4 ಕೂಡ ಮುಟ್ಟುವುದಿಲ್ಲ. ಚಿಕ್ಕ ತೊಟ್ಟಿಯಲ್ಲಿ ಅನಿಮೋನ್ ಇಡುವವರು ಬೇರೆ ಯಾವ ಉಪಕರಣ ಕೊಳ್ಳುವ ಮೊದಲು ಆವಿಯಾದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್‌ಆಫ್ ಹಾಕಿಕೊಳ್ಳಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ನನ್ನನ್ನು ಕೇಳಿದರೆ 100 ಲೀಟರ್‌ಗಿಂತ ಕಡಿಮೆ ನೀರಿನ ತೊಟ್ಟಿಗೆ ಅನಿಮೋನ್ ತರಬೇಡಿ ಎಂದೇ ಹೇಳುತ್ತೇನೆ. ಅದಕ್ಕಿಂತ ಚಿಕ್ಕದರಲ್ಲಿ ಚೆನ್ನಾಗಿ ಸಾಕಿದವರನ್ನು ನೋಡಿದ್ದೇನೆ, ಅವರೆಲ್ಲ ದಿನವೂ ನೀರಿನ ಮುಂದೆ ಕೂರುವವರು.

ವೇವ್‌ಮೇಕರ್, ಅಂದರೆ ತೊಟ್ಟಿಯಲ್ಲಿ ನೀರಿನ ಪ್ರವಾಹ ಎಬ್ಬಿಸುವ ಪಂಪಿನ ಬಗ್ಗೆ ತುಸು ಬಿಗಿಯಾಗಿಯೇ ಹೇಳಬೇಕು. ಅನಿಮೋನ್ ನಡೆಯುತ್ತದೆ. ಬೆಳಕು ಸಾಲದಿದ್ದರೆ, ಪ್ರವಾಹ ಹಿಡಿಸದಿದ್ದರೆ, ಪಾದಕ್ಕೆ ಬಿರುಕು ಸಿಗದಿದ್ದರೆ ಹೊರಟುಬಿಡುತ್ತದೆ, ಹೆಚ್ಚಾಗಿ ಹೊಸದಾಗಿ ಬಂದ ವಾರಗಳಲ್ಲಿ, ದೀಪ ಆರಿದ ಮೇಲೆ. ದಾರಿಯಲ್ಲಿ ತಾಕಿದ ಹವಳಗಳನ್ನೆಲ್ಲ ಕುಟುಕುತ್ತ ಹೋಗಿ ಪಂಪಿನ ಬಾಯಿಗೆ ಸಿಕ್ಕರೆ ಚೂರುಚೂರಾಗುತ್ತದೆ. ಚಿಕ್ಕ ತೊಟ್ಟಿಯಲ್ಲಿ ಆ ಚೂರುಗಳು ಕೊಳೆತು ಅಮೋನಿಯಾ ಏರಿ ಮೀನೂ ಹವಳವೂ ಒಟ್ಟಿಗೆ ಹೋಗಬಹುದು. ಪಂಪಿನ ಸುತ್ತ ಸ್ಪಾಂಜ್ ಅಥವಾ ಸಣ್ಣ ಕಣ್ಣಿನ ಜಾಲರಿ ಕಟ್ಟದೆ ಅನಿಮೋನ್ ತೊಟ್ಟಿಗಿಳಿಯಬಾರದು. ಜಾಲರಿ ಕಟ್ಟಿದರೆ ತೊಟ್ಟಿಯ ಅಂದ ಕೆಡುತ್ತದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಡೆಯುವ ಅಗತ್ಯವೇ ಬಾರದಂತೆ ಮಾಡುವುದು ಇನ್ನೂ ಒಳ್ಳೆಯದು. ಆಳವಾದ ಬಿರುಕಿರುವ ಒಂದು ಬಂಡೆಯನ್ನು ಉಳಿದ ಕಲ್ಲುಗಳಿಂದ ದೂರಕ್ಕೆ, ಮರಳಿನ ನಡುವೆ ದ್ವೀಪದಂತೆ ಇಡಿ. ಪಾದ ಕತ್ತಲಲ್ಲಿ ಅಡಗಿ ತಲೆ ಬೆಳಕಿಗೆ ಚಾಚುವಂತಿರಬೇಕು, ಬಬಲ್ ಟಿಪ್ ಕಡಲಲ್ಲಿ ಇರುವುದೂ ಹಾಗೆಯೇ. ಅನಿಮೋನ್‌ಗಳಿಗೆ ಸಾಮಾನ್ಯವಾಗಿ ಬರಿ ಮರಳು ದಾಟುವ ಉತ್ಸಾಹ ಕಡಿಮೆ. ತಂದ ದಿನ ತೊಟ್ಟಿಯ ನೀರನ್ನು ಹನಿಹನಿಯಾಗಿ ಸೇರಿಸುತ್ತ ಒಂದು ಗಂಟೆಯಾದರೂ ಒಗ್ಗಿಸಿ, ಪಂಪು ನಿಲ್ಲಿಸಿ, ಪಾದವನ್ನು ಬಿರುಕಿನ ಬಾಯಿಗೆ ತಂದು ಕೈ ತೆಗೆಯಿರಿ. ಹಿಡಿದುಕೊಳ್ಳುವ ಕೆಲಸ ಅದರದು. ದೀಪದ ತೀಕ್ಷ್ಣತೆ ಮೊದಲ ವಾರ ಕಡಿಮೆ ಇರಲಿ, ನಿಧಾನವಾಗಿ ಏರಿಸಿ. ಆಮೇಲೆ ಅದು ಆರಿಸಿಕೊಂಡ ಜಾಗ ನಮಗೆ ಕಾಣದ ಮೂಲೆಯಾದರೂ ಅಲ್ಲಿಂದ ಕೀಳುವುದು ಬೇಡ.

ಮೀನಿಗೂ ಅನಿಮೋನ್‌ಗೂ ಗಾತ್ರದ ಹೊಂದಾಣಿಕೆ ಇರಲಿ. ಬೆಳೆದ ಹೆಣ್ಣು ಕ್ಲೌನ್‌ಗೆ ಅಂಗೈಗಿಂತ ಚಿಕ್ಕ ಅನಿಮೋನ್ ಕೊಟ್ಟರೆ ಅದರ ಉತ್ಸಾಹವೇ ಅನಿಮೋನ್‌ಗೆ ಹಿಂಸೆ. ಸದಾ ಉಜ್ಜುತ್ತದೆ, ಗ್ರಹಣಾಂಗ ಕಚ್ಚಿ ಎಳೆಯುತ್ತದೆ, ಬಾಯಿಯಿಂದ ಆಹಾರ ಕಿತ್ತುಕೊಳ್ಳುತ್ತದೆ. ಅನಿಮೋನ್ ಅರಳುವುದನ್ನೇ ಬಿಟ್ಟು ಕಲ್ಲಿನ ಹಿಂದೆ ಸೇರುತ್ತದೆ. ಅರಳಿದಾಗ ಮೀನಿನ ಉದ್ದದ ಎರಡು ಮೂರು ಪಟ್ಟು ಅಗಲವಿರುವ ಅನಿಮೋನ್ ತಂದು, ಮೀನನ್ನು ಕೆಲವು ವಾರ ರಂಧ್ರವಿರುವ ಡಬ್ಬಿಯಲ್ಲೋ ತಡೆಯ ಆಚೆಯೋ ಇಟ್ಟು, ಅನಿಮೋನ್ ಪಾದ ಊರಿದ ಮೇಲೆ ಬಿಡುವುದು ನನಗೆ ಸರಿ ಕಂಡ ಕ್ರಮ. ವಾರಕ್ಕೊಂದೆರಡು ಸಲ ಮೈಸಿಸ್ ಎಂಬ ಸೀಗಡಿಯಂಥ ಪುಟ್ಟ ಜೀವಿ ಅಥವಾ ಕಡಲೆಕಾಳಿನಷ್ಟು ಸೀಗಡಿ ಚೂರು ಸಾಕು, ದೊಡ್ಡ ತುಂಡು ಕೊಟ್ಟರೆ ಅರ್ಧ ಜೀರ್ಣವಾದದ್ದನ್ನು ಉಗುಳಿ ನೀರು ಕೆಡಿಸುತ್ತದೆ. ಮೀನಿಗೆ ಕಾಯಿಲೆ ಬಂದರೆ ತಾಮ್ರದ ಔಷಧಿಯನ್ನು ಈ ತೊಟ್ಟಿಗೆ ಹಾಕಲೇಬಾರದು. ಮೀನು ಗುಣವಾಗುವ ಪ್ರಮಾಣದಲ್ಲೇ ಅನಿಮೋನ್ ಸಾಯುತ್ತದೆ. ಚಿಕಿತ್ಸೆಗೆ ಬೇರೆ ತೊಟ್ಟಿ ಬೇಕು.

ಇಷ್ಟನ್ನು ಕೇಳಿ, ನನ್ನ ತೊಟ್ಟಿಗೆ ಅನಿಮೋನ್ ಬೇಡ ಎಂಬ ತೀರ್ಮಾನಕ್ಕೆ ಬಂದವರನ್ನು ನಾನು ಮೆಚ್ಚುತ್ತೇನೆ. ಅವರ ಮೀನಿಗೆ ಏನೂ ಕಡಿಮೆಯಾಗುವುದಿಲ್ಲ. ಟಾರ್ಚ್, ಹ್ಯಾಮರ್ ಹವಳಗಳಲ್ಲಿ, ಟೋಡ್‌ಸ್ಟೂಲ್ ಎಂಬ ಮೆದು ಹವಳದಲ್ಲಿ ಕ್ಲೌನ್‌ಗಳು ಮನೆಮಾಡುವುದು ಸಾಮಾನ್ಯ. ಹವಳ ನಡೆಯುವುದಿಲ್ಲ, ಪಂಪಿಗೆ ಸಿಗುವುದಿಲ್ಲ. ಗಟ್ಟಿಯಾಗಿ ಬೆಳೆದ ಗೊಂಚಲಾಗಿರಬೇಕು ಅಷ್ಟೇ, ಎಳೆಯ ಹವಳ ಮೀನಿನ ಉಜ್ಜಾಟ ತಡೆಯದು. ಮೆದು ಹವಳದ ಮೇಲೆ ಹೆಣ್ಣು ಮಲಗಿ ಗಂಡು ಸುತ್ತ ಕಾಯುವ ದೃಶ್ಯ ಅನಿಮೋನ್‌ನಲ್ಲಿ ನೋಡಿದಷ್ಟೇ ಸೊಗಸು. ಅದರ ಬದಲು ಸುಲಭಕ್ಕೆ ಸಿಗುತ್ತದೆಂದು ಅಟ್ಲಾಂಟಿಕ್‌ನ ಕಾಂಡಿಲ್ಯಾಕ್ಟಿಸ್ ತರುವುದನ್ನು ನಾನು ಒಪ್ಪಲಾರೆ. ಕ್ಲೌನ್‌ಗಳು ಅದನ್ನು ಹೆಚ್ಚಾಗಿ ಹತ್ತಿರ ಸೇರಿಸುವುದಿಲ್ಲ, ಅಲೆಯುವುದು ಮಾತ್ರ ಬಬಲ್ ಟಿಪ್‌ನಷ್ಟೇ ಅಲೆಯುತ್ತದೆ.

ತಂದವರು ಮುಂದಿನದನ್ನೂ ಈಗಲೇ ಯೋಚಿಸಿಡಬೇಕು. ಚೆನ್ನಾಗಿ ಬೆಳೆದ ಬಬಲ್ ಟಿಪ್ ಒಂದು ದಿನ ಅಂಡಾಕಾರಕ್ಕೆ ಚಾಚಿಕೊಂಡು ನಡುವೆ ಸೀಳುತ್ತದೆ. ಹಠಾತ್ ಒತ್ತಡಕ್ಕೆ ಸಿಕ್ಕಿದಾಗಲೂ ಸೀಳುವುದುಂಟು, ಆದ್ದರಿಂದ ಸಂಭ್ರಮಪಡುವ ಮೊದಲು ನೀರು ಪರೀಕ್ಷಿಸಿ. ಎರಡು ನಾಲ್ಕಾದರೆ ಚಿಕ್ಕ ತೊಟ್ಟಿಯಲ್ಲಿ ಹವಳಗಳಿಗೆ ಜಾಗ ಉಳಿಯುವುದಿಲ್ಲ. ಒಂದನ್ನು ಯಾರಿಗಾದರೂ ಕೊಡಲೇಬೇಕು. ಸೀಳಿದ ಅಂಚು ಕೂಡಿಕೊಂಡು, ಬಾಯಿ ನಡುವಿಗೆ ಬಂದು, ಆಹಾರ ಹಿಡಿದು ನುಂಗುವವರೆಗೆ ಮೂರು ನಾಲ್ಕು ವಾರ ಕಾಯುತ್ತೇನೆ. ಆಮೇಲೆ ಕಲ್ಲಿನ ಸಮೇತ ಒಂದೇ ಅನಿಮೋನ್ ಇರುವ ಚೀಲದಲ್ಲಿ ಹಾಕಿ ಕೊಡುತ್ತೇನೆ. ಕೊಡುವಾಗ ಮೊದಲು ಕೇಳುವುದು ತೊಟ್ಟಿಗೆ ಎಷ್ಟು ತಿಂಗಳಾಯಿತು, ಆವಿಯಾದ ನೀರು ಹೇಗೆ ತುಂಬುತ್ತೀರಿ, ಪಂಪಿಗೆ ಜಾಲರಿ ಕಟ್ಟಿದ್ದೀರಾ ಎಂದು. ಯಾವ ಮೀನಿದೆ ಎಂಬುದು ನಾಲ್ಕನೆಯ ಪ್ರಶ್ನೆ.